ಬೇಸಿಕ್‌ನಲ್ಲಿ ಶಾರ್ಟ್‌ಕಟ್: ವಿಳಾಸದ ಚೀಟಿಯನ್ನು ಬರೆಯುವುದು, ಓದುವುದು, ತಿದ್ದುವುದು

ಡೆಸ್ಕ್‌ಟಾಪ್ ಮೇಲೆ ಪುಟ್ಟ ಬಾಣದ ಗುರುತು ಹೊತ್ತು ಕೂತಿರುವ ಶಾರ್ಟ್‌ಕಟ್ ಮೂಲ ಫೈಲ್ ಅಲ್ಲ. ಮೂಲ ಎಲ್ಲಿದೆ ಎಂದು ಬರೆದಿಟ್ಟ ಚೀಟಿ. ವಿಂಡೋಸ್ 95ರೊಂದಿಗೆ ಬಂದ ಈ ಚೀಟಿಯೂ ಒಂದು ಫೈಲೇ ಆಗಿದ್ದು, ಅದರ ಹೆಸರಿಗೆ ‘.ಎಲ್‌ಎನ್‌ಕೆ’ ಎಂಬ ಬಾಲವಿರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಮೂಲವೇ ತೆರೆದುಕೊಳ್ಳುತ್ತದೆ. ಆದರೆ ವಿಷುವಲ್ ಬೇಸಿಕ್‌ನ ‘ಓಪನ್’ ಆಜ್ಞೆಗೆ ಅದನ್ನೇ ಕೊಟ್ಟರೆ ಕೈಗೆ ಸಿಗುವುದು ಚೀಟಿಯ ಒಳಗಿನ ಬೈಟ್‌ಗಳು ಮಾತ್ರ: ಮೊದಲ ಬೈಟಿನ ಬೆಲೆ 76, ಅಂದರೆ ಇಂಗ್ಲಿಷಿನ ‘ಎಲ್’ ಅಕ್ಷರ, ಅದರ ಹಿಂದೆ ಓದಲಾಗದ ಗೋಜಲು.

ಹಾಗಾಗಿ ಶಾರ್ಟ್‌ಕಟ್‌ಗಳನ್ನು ನಿಭಾಯಿಸಲು ವಿಂಡೋಸ್‌ನದೇ ನೆರವು ಬೇಕು. ವಿಂಡೋಸ್‌ನೊಂದಿಗೇ ಬರುವ ಪುಟ್ಟ ಬೇಸಿಕ್ ಭಾಷೆ ವಿಬಿಸ್ಕ್ರಿಪ್ಟ್‌ಗೆ ವಿದಾಯ ಹೇಳುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿರುವುದರಿಂದ ಇಲ್ಲಿ ಎಕ್ಸೆಲ್‌ನೊಳಗೇ ಇರುವ ವಿಷುವಲ್ ಬೇಸಿಕ್, ಅಂದರೆ ವಿಬಿಎಯನ್ನು ಬಳಸೋಣ. (ಆಜ್ಞೆಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಮೊದಲಿಗೆ, ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ, ಇನ್ಸರ್ಟ್ ಮೆನುವಿನಿಂದ ಹೊಸ ಮಾಡ್ಯೂಲ್ ತೆರೆಯಿರಿ. ‘ಕ್ರಿಯೇಟ್‌ಆಬ್ಜೆಕ್ಟ್’ ಮೂಲಕ ‘ಡಬ್ಲ್ಯುಸ್ಕ್ರಿಪ್ಟ್.ಶೆಲ್’ ಎಂಬ ಆಬ್ಜೆಕ್ಟ್ (ನಮ್ಮ ಪರವಾಗಿ ಕೆಲಸ ಮಾಡುವ ವಿಂಡೋಸ್‌ನ ಸಿದ್ಧ ಘಟಕ) ತರಿಸಿಕೊಳ್ಳಿ. ಡೆಸ್ಕ್‌ಟಾಪ್‌ನ ದಾರಿಯನ್ನು ನೀವೇ ಬರೆಯಲು ಹೋಗಬೇಡಿ. ಒನ್‌ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಅದು ಬೇರೆ ಕಡೆ ಇರಬಹುದು. ‘ಸ್ಪೆಷಲ್‌ಫೋಲ್ಡರ್ಸ್’ ಅನ್ನು ಕೇಳಿದರೆ ಸರಿಯಾದ ಜಾಗವನ್ನು ಅದೇ ಹೇಳುತ್ತದೆ.

ಎರಡನೆಯದಾಗಿ, ‘ಕ್ರಿಯೇಟ್‌ಶಾರ್ಟ್‌ಕಟ್’ಗೆ ಬಾಲ ಸಮೇತ ಪೂರ್ತಿ ಹೆಸರು ಕೊಡಿ. ‘ಟಾರ್ಗೆಟ್‌ಪಾತ್’ನಲ್ಲಿ ಮೂಲ ಫೈಲಿನ ದಾರಿಯನ್ನೂ ‘ವರ್ಕಿಂಗ್‌ಡೈರೆಕ್ಟರಿ’ಯಲ್ಲಿ ಅದಿರುವ ಫೋಲ್ಡರನ್ನೂ ತುಂಬಿ, ಕೊನೆಗೆ ‘ಸೇವ್’ ಎನ್ನಿ. ಸೇವ್ ಎನ್ನುವವರೆಗೆ ಡಿಸ್ಕಿನಲ್ಲಿ ಏನೂ ಮೂಡುವುದಿಲ್ಲ. ಪ್ರೋಗ್ರಾಮಿಗೆ ಹೆಚ್ಚುವರಿ ಸೂಚನೆಗಳಿದ್ದರೆ ಅವು ಟಾರ್ಗೆಟ್‌ಪಾತ್‌ನೊಳಗಲ್ಲ, ‘ಆರ್ಗ್ಯುಮೆಂಟ್ಸ್’ನಲ್ಲಿ ಇರಬೇಕು, ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಓದುವುದಕ್ಕೂ ಇದೇ ‘ಕ್ರಿಯೇಟ್‌ಶಾರ್ಟ್‌ಕಟ್’ ಬಳಕೆಯಾಗುತ್ತದೆ ಎಂಬುದು ವಿಚಿತ್ರವೆನಿಸಿದರೂ ನಿಜ. ಆ ಹೆಸರಿನ ಚೀಟಿ ಈಗಾಗಲೇ ಇದ್ದರೆ ಅದರ ವಿವರಗಳನ್ನು ತುಂಬಿಕೊಂಡು ಬರುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಖಾಲಿ ಚೀಟಿಯನ್ನು ಕೊಡುತ್ತದೆ. ಆದ್ದರಿಂದ ಫೈಲ್‌ಗಳನ್ನು ನೋಡಿಕೊಳ್ಳುವ ಇನ್ನೊಂದು ಆಬ್ಜೆಕ್ಟ್ ಆದ ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ನ ‘ಫೈಲ್‌ಎಕ್ಸಿಸ್ಟ್ಸ್’ ಮೂಲಕ ಚೀಟಿ ಇದೆಯೇ ಎಂದೂ, ಅದು ತೋರಿಸುವ ಮೂಲ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು.

ನಮ್ಮ ಕಚೇರಿಯಲ್ಲಿ ಒಮ್ಮೆ ಲೆಕ್ಕಪತ್ರದ ಫೋಲ್ಡರನ್ನು ಡಿ ಡ್ರೈವ್‌ನಿಂದ ಇ ಡ್ರೈವ್‌ಗೆ ಸರಿಸಿದಾಗ ಶಾರ್ಟ್‌ಕಟ್‌ಗಳು ಒಂದೊಂದಾಗಿ ಕೈಕೊಟ್ಟವು. ಫೋಲ್ಡರಿನ ಫೈಲ್‌ಗಳನ್ನು ‘ಫಾರ್ ಈಚ್’ ಸುತ್ತಿನಲ್ಲಿ ಎಣಿಸುತ್ತ, ಬಾಲ ನೋಡಿ ಶಾರ್ಟ್‌ಕಟ್‌ಗಳನ್ನು ಆರಿಸಿ, ದಾರಿಯ ಮೊದಲ ಅಕ್ಷರ ‘ಡಿ’ ಇದ್ದರೆ ಅದನ್ನು ‘ಇ’ ಮಾಡಿ ಉಳಿಸುವ ಹತ್ತು ಹನ್ನೆರಡು ಸಾಲುಗಳಲ್ಲಿ ಕೆಲಸ ಮುಗಿಯಿತು. ಆದರೆ ಟಾರ್ಗೆಟ್‌ಪಾತ್ ಬದಲಾದರೆ ವರ್ಕಿಂಗ್‌ಡೈರೆಕ್ಟರಿ ತಾನಾಗಿ ಬದಲಾಗುವುದಿಲ್ಲ. ಅದನ್ನು ಮರೆತದ್ದಕ್ಕೆ ಎಲ್ಲವನ್ನೂ ಎರಡನೇ ಸಲ ತಿದ್ದಬೇಕಾಯಿತು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ನಿಜವಾದ ತೊಡಕು ಎದುರಾಗುವುದು ಮುಂದೆ. ಮೂಲ ಫೈಲಿನ ಹೆಸರು ‘ಬಾಡಿಗೆ’ ಎಂದಿದ್ದರೆ ಮೇಲಿನ ವಿಧಾನ ಕೈಬಿಡುತ್ತದೆ. ಡಬ್ಲ್ಯುಸ್ಕ್ರಿಪ್ಟ್.ಶೆಲ್ ಆಬ್ಜೆಕ್ಟ್ ದಾರಿಯ ಅಕ್ಷರಗಳನ್ನು ವಿಂಡೋಸ್‌ನ ಹಳೆಯ ‘ಆನ್ಸಿ’ ಅಕ್ಷರಪಟ್ಟಿಗೆ ಇಳಿಸುತ್ತದೆ. ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ, ಎಲ್ಲ ಲಿಪಿಗಳಿಗೂ ಒಂದೇ ಆದ ಯೂನಿಕೋಡ್ ಪಟ್ಟಿ ಮಾತ್ರ ಇದೆ. ಪರಿಹಾರ ಸ್ವಲ್ಪ ಸುತ್ತಿನದು. ಇಂಗ್ಲಿಷ್ ಹೆಸರಿನ, ನೋಟ್‌ಪ್ಯಾಡ್‌ನಂಥ ಯಾವುದಾದರೂ ಪ್ರೋಗ್ರಾಮನ್ನು ತೋರಿಸುವ ಶಾರ್ಟ್‌ಕಟ್ಟೊಂದನ್ನು ಮೊದಲು ಮಾಡಿ ಉಳಿಸಿ. ಬಳಿಕ ‘ಶೆಲ್.ಅಪ್ಲಿಕೇಶನ್’ ಆಬ್ಜೆಕ್ಟ್ ತರಿಸಿ, ‘ನೇಮ್‌ಸ್ಪೇಸ್’ಗೆ ಫೋಲ್ಡರನ್ನೂ ‘ಪಾರ್ಸ್‌ನೇಮ್’ಗೆ ಶಾರ್ಟ್‌ಕಟ್ಟಿನ ಹೆಸರನ್ನೂ ಕೊಟ್ಟು ‘ಗೆಟ್‌ಲಿಂಕ್’ ಪಡೆಯಿರಿ; ಅದರ ‘ಪಾತ್’ನಲ್ಲಿ ಕನ್ನಡದ ದಾರಿಯನ್ನಿಟ್ಟು ‘ಸೇವ್’ ಮಾಡಿ. ಶಾರ್ಟ್‌ಕಟ್ಟಿಗೂ ಕನ್ನಡ ಹೆಸರು ಬೇಕಿದ್ದರೆ ಆಮೇಲೆ ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ಮೂಲಕ ಬದಲಿಸಿ. ನೇಮ್‌ಸ್ಪೇಸ್‌ಗೆ ಸ್ಟ್ರಿಂಗ್ (ಬರೀ ಪಠ್ಯ) ಎಂದು ಘೋಷಿಸಿದ ವೇರಿಯಬಲ್ ನೇರವಾಗಿ ಕೊಟ್ಟರೆ ಏನೂ ಸಿಗುವುದಿಲ್ಲ, ‘ಸಿವರ್’ ಬಳಸಿ ವೇರಿಯಂಟ್ (ಯಾವ ಬಗೆಯ ಬೆಲೆಯನ್ನೂ ಹಿಡಿಯಬಲ್ಲ ವೇರಿಯಬಲ್) ಮಾಡಿ ಕೊಡಬೇಕು; ಈ ಒಂದು ಸಂಗತಿ ನನ್ನ ಒಂದು ಸಂಜೆಯನ್ನು ನುಂಗಿದೆ.

ವಿಬಿಎ ಎಡಿಟರಿನಲ್ಲಿ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಿಸುತ್ತದೆ. ಕನ್ನಡದ ದಾರಿಯನ್ನು ಹಾಳೆಯ ಎ1 ಕೋಶದಲ್ಲಿ ಬರೆದು ಅಲ್ಲಿಂದ ಓದಿಸುವುದು ಸುಲಭ. ಫಲಿತಾಂಶವನ್ನೂ ‘ಎಂಎಸ್‌ಜಿಬಾಕ್ಸ್’ನಲ್ಲಿ ತೋರಿಸದೆ ಇನ್ನೊಂದು ಕೋಶಕ್ಕೇ ಬರೆಸಿ.

ಪ್ರೋಗ್ರಾಮುಗಳಿಗೂ ಮೂಲವೇ ಕಾಣಬೇಕೆಂದರೆ ಶಾರ್ಟ್‌ಕಟ್ ಸಾಲದು, ಸಿಂಬಾಲಿಕ್ ಲಿಂಕ್ ಬೇಕು; ಅದನ್ನು ತೆರೆದ ಪ್ರೋಗ್ರಾಮನ್ನು ವಿಂಡೋಸ್ ತಾನೇ ಮೂಲಕ್ಕೆ ಕರೆದೊಯ್ಯುತ್ತದೆ. ‘ಶೆಲ್’ ಆಜ್ಞೆಯಿಂದ ಕಮಾಂಡ್ ಪ್ರಾಂಪ್ಟಿನ ‘ಎಂಕೆಲಿಂಕ್’ ಅನ್ನು ಕರೆದು ಇದನ್ನು ಮಾಡಬಹುದು, ಸಾಮಾನ್ಯವಾಗಿ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಗುತ್ತದೆ. ಅಲ್ಲಿ ಲಿಂಕಿನ ಹೆಸರು ಮೊದಲು, ಮೂಲದ ದಾರಿ ಆಮೇಲೆ. ಬೇಡವಾದಾಗ ಶಾರ್ಟ್‌ಕಟ್ಟನ್ನು ‘ಕಿಲ್’ನಿಂದಲೂ, ಫೋಲ್ಡರಿನ ಲಿಂಕನ್ನು ‘ಆರ್‌ಎಂಡಿಐಆರ್’ನಿಂದಲೂ ಅಳಿಸಿದರೆ ಮೂಲ ಹಾಗೆಯೇ ಉಳಿಯುತ್ತದೆ.