ಮನೆಗೆ ಲಿಫ್ಟ್ ಹಾಕಿಸುತ್ತೀರಾ? ಗುಂಡಿಯಿಂದ ಶುರು ಮಾಡಿ

ಮಂಗಳೂರು, ಉಡುಪಿ ಕಡೆ ಎರಡು ಮಹಡಿಯ ಮನೆ ಕಟ್ಟುವವರು ಈಗ ನಕ್ಷೆಯಲ್ಲೇ ಲಿಫ್ಟಿಗೆ ಜಾಗ ಬಿಡುತ್ತಾರೆ. ಹಳೆ ಮನೆಯವರೂ ಅಪ್ಪ, ಅಮ್ಮನ ಗಂಟುನೋವು ನೋಡಿ ಹಾಕಿಸಲು ಹೊರಡುತ್ತಾರೆ. ಒಳ್ಳೆಯದೇ. ಆದರೆ ಹೆಚ್ಚಿನವರು ಕ್ಯಾಬಿನ್ನಿನ ಗಾಜು, ಬಣ್ಣ, ಲೈಟು ಆರಿಸುವುದರಲ್ಲೇ ದಿನ ಕಳೆಯುತ್ತಾರೆ. ಲಿಫ್ಟಿನ ತಳದಲ್ಲಿ ನೆಲ ಅಗೆದು ಮಾಡುವ ಗುಂಡಿಯನ್ನು (ಪಿಟ್) ಮೇಸ್ತ್ರಿಗೆ ಬಿಡುತ್ತಾರೆ. ಜುಲೈ ಬಂದಾಗ ಗುಂಡಿಯಲ್ಲಿ ಮೊಣಕಾಲುದ್ದ ನೀರು, ಲಿಫ್ಟ್ ಬಂದ್. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೊದಲು: ಅಳತೆ

ಈಗ ಎಲ್ಲರೂ ನಡೆದಾಡುತ್ತಿರಬಹುದು. ಆದರೂ ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಡಿ. ಕ್ಯಾಬಿನ್ ಒಳಗೆ 1100 ಮಿ.ಮೀ. ಅಗಲ, 1400 ಮಿ.ಮೀ. ಉದ್ದ ಇದ್ದರೆ ಕುರ್ಚಿಯ ಜೊತೆ ಇನ್ನೊಬ್ಬರೂ ನಿಲ್ಲಬಹುದು. ಬಾಗಿಲು 800ಕ್ಕಿಂತ ಕಡಿಮೆ ಬೇಡ, 900 ಆದರೆ ಉತ್ತಮ. ಕೈಯಲ್ಲಿ ಎಳೆಯುವ ಜಾಲಿ ಬಾಗಿಲು ಅಗ್ಗ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಆಮೇಲೆ: ಬಾವಿ ನೋಡಿ

ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ನಿಮ್ಮ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆ? ನಿಮ್ಮಲ್ಲಿ ಬಾವಿ ಇಲ್ಲದಿದ್ದರೆ ನೆರೆಮನೆಯವರನ್ನು ಕೇಳಿ. ಗುಂಡಿ ಆ ಮಟ್ಟಕ್ಕಿಂತ ಆಳ ಹೋದಷ್ಟೂ ನೀರಿನ ಕಾಟ. ಮಣಿಪಾಲದ ಗುಡ್ಡದ ಮೇಲಿನ ಮನೆಗೂ ಉದ್ಯಾವರದ ಹೊಳೆ ಬದಿಯ ಮನೆಗೂ ಒಂದೇ ಲಿಫ್ಟ್ ಸರಿಹೋಗುವುದಿಲ್ಲ. ಗುಡ್ಡ ಕಡಿದು ಸಮ ಮಾಡಿದ ಜಾಗವಾದರೆ ಇನ್ನೂ ಜಾಗ್ರತೆ ಬೇಕು, ಮುರಕಲ್ಲಿನ (ಲ್ಯಾಟರೈಟ್) ಸಂದಿಯಿಂದ ಒರತೆ ಒಡೆಯುತ್ತದೆ.

ಹಗ್ಗದ ಲಿಫ್ಟಿಗೆ, ಅಂದರೆ ಟ್ರಾಕ್ಷನ್ ಲಿಫ್ಟಿಗೆ, ಸಾಮಾನ್ಯವಾಗಿ ನಾಲ್ಕು ಅಡಿಯಷ್ಟು ಗುಂಡಿ ಬೇಕು. ಎಣ್ಣೆಯ ಒತ್ತಡದಿಂದ ಏರುವ ಹೈಡ್ರಾಲಿಕ್ ಹೋಮ್ ಲಿಫ್ಟಿಗೆ ಅರ್ಧದಿಂದ ಒಂದು ಅಡಿ ಸಾಕಾಗುತ್ತದೆ. ಸ್ಕ್ರೂ ಲಿಫ್ಟಿಗೆ ಇನ್ನೂ ಕಡಿಮೆ. ಗಾಳಿಯ ಒತ್ತಡದಿಂದ ಏರುವ ವ್ಯಾಕ್ಯೂಮ್ ಲಿಫ್ಟಿಗೆ ಗುಂಡಿಯೇ ಬೇಡ, ಆದರೆ ದುಬಾರಿ, ಸದ್ದು ಜಾಸ್ತಿ, ಸಣ್ಣ ಮಾದರಿಯಲ್ಲಿ ಗಾಲಿಕುರ್ಚಿ ಹಿಡಿಯುವುದಿಲ್ಲ. ಎರಡು, ಮೂರು ಮಹಡಿಯ ಮನೆಗೆ ನಾನು ಹೈಡ್ರಾಲಿಕ್ ಅನ್ನೇ ಹೇಳುತ್ತೇನೆ. ವೇಗ ಕಡಿಮೆ, ಇರಲಿ. ಮನೆಯೊಳಗೆ ಏನು ಅವಸರ?

ಗುಂಡಿ

ಇಲ್ಲೇ ಎಲ್ಲರೂ ಎಡವುವುದು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೀರು ಹೊರಗಿನ ಮಣ್ಣಿನಿಂದ ಒಳಕ್ಕೆ ಒತ್ತುತ್ತದೆ. ಹಾಗಾಗಿ ಒಳಗಿನಿಂದ ಬಳಿದ ಬಣ್ಣ ಎಷ್ಟೇ ದುಬಾರಿಯಾದರೂ ಗುಳ್ಳೆ ಎದ್ದು ಉದುರುತ್ತದೆ. ಕಪ್ಪು ಡಾಂಬರಿನ ಬಣ್ಣವಂತೂ ದುಡ್ಡು ದಂಡ.

ಗುಂಡಿಯ ತಳ, ಗೋಡೆ ಎರಡೂ ಆರ್‌ಸಿಸಿ ಆಗಬೇಕು. ಮುರಕಲ್ಲು ಕಟ್ಟಿ ಗಾರೆ ಬಳಿದರೆ ನೀರು ಒಳಗೆ ಬರುವುದು ನಿಲ್ಲುವುದಿಲ್ಲ. ತಳದ ಕಾಂಕ್ರೀಟ್ ಹಾಕುವಾಗಲೇ ಗೋಡೆಯ ಮೊದಲ ನಾಲ್ಕಾರು ಇಂಚನ್ನೂ ಸೇರಿಸಿ ಎರಕ ಹೊಯ್ಯಿಸಿ. ಆಗ ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಜಾಯಿಂಟ್ ಇರುವುದಿಲ್ಲ. ಮೇಲಿನ ಜಾಯಿಂಟಿನಲ್ಲಿ ನೀರು ತಾಗಿದರೆ ಉಬ್ಬುವ ಪಟ್ಟಿ ಇಡಿಸಿ. ವೈಬ್ರೇಟರ್ ಇಲ್ಲದೆ ಕಾಂಕ್ರೀಟ್ ಹಾಕಲು ಬಿಡಬೇಡಿ, ಕಂಬಿಯಿಂದ ಕುಟ್ಟಿದರೆ ಜೇನುಗೂಡಿನ ತರಹ ತೂತು ಉಳಿಯುತ್ತದೆ. ವಾಟರ್‌ಪ್ರೂಫಿಂಗ್ ತಳದ ಅಡಿಗೆ ಮತ್ತು ಗೋಡೆಯ ಹೊರಮೈಗೆ ಆಗಬೇಕು, ಮಣ್ಣು ತುಂಬುವ ಮುಂಚೆಯೇ. ನೆಲಮಟ್ಟದ ಕೆಳಗೆ ಗೋಡೆ ಕೊರೆದು ವಯರಿನ ಪೈಪ್ ತರಲು ಎಲೆಕ್ಟ್ರಿಷಿಯನ್ ಕೇಳುತ್ತಾನೆ. ಒಪ್ಪಬೇಡಿ. ಗುಂಡಿಯ ನೀರು ಹೋಗಲಿ ಅಂತ ಮಳೆನೀರಿನ ಚೇಂಬರಿಗೆ ಪೈಪ್ ಕೊಡುವುದೂ ಬೇಡ, ಜೋರು ಮಳೆಗೆ ಅದೇ ಪೈಪಿನಲ್ಲಿ ನೀರು ಒಳಗೆ ಬರುತ್ತದೆ. ಬದಲಿಗೆ ಮೂಲೆಯಲ್ಲಿ ಒಂದು ಸಣ್ಣ ಗುಳಿ ಬಿಡಿಸಿ, ಪಂಪ್ ಇಳಿಸಲು ಬೇಕಾಗುತ್ತದೆ.

ಇನ್ನು ಪರೀಕ್ಷೆ. ಏಪ್ರಿಲ್‌ನಲ್ಲಿ ಗುಂಡಿ ಒಣಗಿದೆ ಅಂದರೆ ಏನೂ ಗೊತ್ತಾಗುವುದಿಲ್ಲ. ಗುಂಡಿ ತುಂಬ ನೀರು ಬಿಟ್ಟು, ಮಟ್ಟಕ್ಕೆ ಮೊಳೆಯಿಂದ ಗೀರು ಹಾಕಿ. ಮೇಲೆ ಶೀಟು ಮುಚ್ಚಿ ಮೂರು ದಿನ ಬಿಡಿ. ನೀರು ಗೀರಿನಿಂದ ಕೆಳಗೆ ಇಳಿದರೆ ಎಲ್ಲೋ ದಾರಿ ಇದೆ. ನೀರು ಹೊರಗೆ ಹೋಗುವ ದಾರಿಯಲ್ಲೇ ಮಳೆಗಾಲದಲ್ಲಿ ಒಳಗೂ ಬರುತ್ತದೆ. ಸಮಯವಿದ್ದರೆ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಗುಂಡಿ ಮುಗಿಸಿ, ಒಂದು ಮಳೆಗಾಲ ನೋಡಿ, ದೀಪಾವಳಿ ಕಳೆದ ಮೇಲೆ ಲಿಫ್ಟ್ ಕೂರಿಸಿ. ಕಂಪನಿಯವರು ಅವಸರ ಮಾಡುತ್ತಾರೆ, ಮಾಡಲಿ. ಗುಂಡಿ ಈಗಾಗಲೇ ಸೋರುತ್ತಿದ್ದರೆ ಒಳಗಿನಿಂದ ಕ್ರಿಸ್ಟಲೈನ್ ಸ್ಲರಿ ಬಳಿಸಿ, ಅದು ಕಾಂಕ್ರೀಟಿನ ಸಣ್ಣ ರಂಧ್ರದೊಳಗೆ ಇಳಿದು ಮುಚ್ಚುತ್ತದೆ.

ಗೋಡೆ ಮತ್ತು ತುಕ್ಕು

ಲಿಫ್ಟಿನ ಹಳಿ ಹಿಡಿಯುವ ಬೋಲ್ಟ್ ಮುರಕಲ್ಲಿನಲ್ಲಿ ನಿಲ್ಲುವುದಿಲ್ಲ, ಟೊಳ್ಳು ಬ್ಲಾಕಿನಲ್ಲೂ ಇಲ್ಲ. ಕಂಪನಿಯ ಡ್ರಾಯಿಂಗಿನಲ್ಲಿ ಬ್ರಾಕೆಟ್ ಬರುವ ಎತ್ತರಕ್ಕೆಲ್ಲ ಆರ್‌ಸಿಸಿ ಬೆಲ್ಟ್ ಹಾಕಿಸಿ. ಹಳೆ ಮನೆಗೆ ಉಕ್ಕಿನ ಚೌಕಟ್ಟೇ ವಾಸಿ. ಉಳ್ಳಾಲ, ಮಲ್ಪೆ, ಪಡುಬಿದ್ರಿಯಂಥ ಕಡಲ ಬದಿಯಲ್ಲಿ ಬರೀ ಪೇಂಟ್ ಸಾಲದು, ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ (ಕರಗಿದ ಸತುವಿನಲ್ಲಿ ಅದ್ದಿದ) ಉಕ್ಕು ಕೇಳಿ. ಬಾಗಿಲಿಗೆ 304ರ ಬದಲು 316 ದರ್ಜೆಯ ಸ್ಟೀಲ್ ಹಾಕಿಸಿ, ಉಪ್ಪುಗಾಳಿ ತಡೆಯುತ್ತದೆ.

ತಾರಸಿಗೆ ಶೀಟು ಹಾಕಿದ್ದರೆ, ಲಿಫ್ಟಿನ ತಲೆ ಶೀಟಿಗೆ ತಾಗುತ್ತದೋ ಇಲ್ಲವೋ ಮೊದಲೇ ಅಳೆಯಿರಿ.

ಕರೆಂಟು

ಬೇರೆಯೇ ಲೈನ್, ಬೇರೆಯೇ ಅರ್ಥಿಂಗ್. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಕಂಟ್ರೋಲ್ ಬೋರ್ಡ್ ಸುಡುತ್ತದೆ, ಸರ್ಜ್ ಪ್ರೊಟೆಕ್ಟರ್ ಬಿಡಬೇಡಿ. ಕರೆಂಟ್ ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎ.ಆರ್.ಡಿ. ಇರಲೇಬೇಕು. 'ಮನೆಯಲ್ಲಿ ಇನ್ವರ್ಟರ್ ಇದೆಯಲ್ವಾ' ಅಂತ ಅದನ್ನು ಕೈಬಿಡಬೇಡಿ, ಫ್ಯಾನು, ಲೈಟಿಗೆ ಹಾಕಿದ ಇನ್ವರ್ಟರ್ ಲಿಫ್ಟ್ ಎಳೆಯುವುದಿಲ್ಲ.

ಪರವಾನಗಿ ಮತ್ತು ಸರ್ವೀಸ್

ರಾಜ್ಯದಲ್ಲಿ 2012ರ ಲಿಫ್ಟ್ ಕಾಯ್ದೆ ಇದೆ. ಕೂರಿಸುವ ಮೊದಲು ಅನುಮತಿ, ಓಡಿಸುವ ಮೊದಲು ಲೈಸೆನ್ಸ್, ಎರಡನ್ನೂ ವಿದ್ಯುತ್ ಪರಿವೀಕ್ಷಣಾಲಯದಿಂದ ಪಡೆಯಬೇಕು. ಕಾಗದದ ಕೆಲಸ ಕಂಪನಿಯದ್ದೇ ಎಂದು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಸರ್ವೀಸಿನವರು ಊರಲ್ಲೇ ಇದ್ದಾರೋ, ಬೆಂಗಳೂರಿನಿಂದ ಬರಬೇಕೋ ಎಂದೂ ಕೇಳಿ. ಮಳೆಗಾಲದಲ್ಲಿ ಘಾಟಿ ಬಂದ್ ಆದರೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಲಿಫ್ಟ್ ಒಪ್ಪಿಸುವ ದಿನ ಮೇನ್ ಸ್ವಿಚ್ ಆಫ್ ಮಾಡಿ, ಒಳಗೆ ಸಿಕ್ಕವರನ್ನು ಇಳಿಸುವುದು ಹೇಗೆ ಎಂದು ಮನೆಯ ಇಬ್ಬರಿಗಾದರೂ ಮಾಡಿ ತೋರಿಸಲು ಹೇಳಿ. ಅದಾದ ಮೇಲೆಯೇ ಕೊನೆಯ ಕಂತಿನ ಚೆಕ್ ಕೊಡಿ.