ಸವೆದ ಆನೆ ಕಾಸಿನ ಕಾಲ ಹಿಡಿದದ್ದು ಹೀಗೆ

ಹಳೆಯ ಮೈಸೂರು ಸೀಮೆಯ ತಾಮ್ರದ ನಾಣ್ಯದ ಮೇಲೆ ಆನೆ ಕಂಡರೆ ಸಾಕು, ನೋಡಿದವರೆಲ್ಲ ‘ಟಿಪ್ಪು ಕಾಲದ್ದು’ ಎಂದುಬಿಡುತ್ತಾರೆ. ಆನೆಯೊಂದನ್ನೇ ನಂಬಿ ಹಾಗೆ ಹೇಳಲು ಬರುವುದಿಲ್ಲ. ಒಡೆಯರ ಹಳೆಯ ಚಿಕ್ಕ ಕಾಸುಗಳ ಮೇಲೆ ಆನೆ ಇದೆ. ಹೈದರ್ ಅಲಿಯ ತಾಮ್ರದ ಮೇಲೆ ಇದೆ, ಟಿಪ್ಪುವಿನ ಪೈಸೆಯ ಮೇಲೆ ಇದೆ. 1799ರ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರು ಹೊರಡಿಸಿದ ‘ಮಯಿಲಿ ಕಾಸು’ ಎಂಬ ತಾಮ್ರದ ನಾಣ್ಯಗಳ ಮೇಲೂ ಇದೆ. ಆಳುವವರು ಬದಲಾದರೂ ಆನೆ ಉಳಿದುಕೊಂಡಿತು. ಕಾಲವನ್ನು ಹಿಡಿದುಕೊಡುವುದು ನಾಣ್ಯದ ಇನ್ನೊಂದು ಮುಖ, ತೂಕ, ಮತ್ತು ಅದೃಷ್ಟವಿದ್ದರೆ ಉಳಿದಿರುವ ಒಂದೆರಡು ಅಂಕಿ.

ಬಂಧುಗಳೊಬ್ಬರು ಹಳೆಯ ಚಿಲ್ಲರೆಯ ಗಂಟಿನಲ್ಲಿದ್ದ ಇಂಥದ್ದೊಂದು ನಾಣ್ಯವನ್ನು ಯಾವುದೆಂದು ನೋಡಲು ನನಗೆ ಕೊಟ್ಟರು. ಒಂದು ಬದಿಯಲ್ಲಿ ಆನೆಯ ಬೆನ್ನು, ಸೊಂಡಿಲು, ಎರಡು ಕಾಲು ಮಾತ್ರ ಕಾಣುತ್ತಿದ್ದವು. ಇನ್ನೊಂದು ಬದಿ ಬರಿಗಣ್ಣಿಗೆ ನುಣುಪಾದ ಕಂದು ಬಿಲ್ಲೆ. ಅದರ ಗುರುತು ಹಿಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಉಜ್ಜಲಿಲ್ಲ. ಹುಣಸೆಹಣ್ಣು, ನಿಂಬೆ, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಹತ್ತಿರ ತರಲಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಳಿ ತಾಮ್ರದ ಮೇಲಿನ ಕಪ್ಪನ್ನು ತಿನ್ನುತ್ತದೆ, ಅದರ ಜೊತೆಗೆ ಸವೆದ ಅಕ್ಷರದ ಕೊನೆಯ ಏರಿಳಿತವನ್ನೂ ತಿಂದುಹಾಕುತ್ತದೆ. ತಗ್ಗಿನಲ್ಲಿ ಕೂತ ಕಪ್ಪೇ ಎಷ್ಟೋ ಸಲ ಅಕ್ಷರದ ಗೆರೆಯನ್ನು ತೋರಿಸಿಕೊಡುತ್ತದೆ. ಫಳಫಳ ಹೊಳೆಯುವ ಹಳೆಯ ನಾಣ್ಯವನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಾನು ಮಾಡಿದ್ದು ಇಷ್ಟೇ: ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ, ಮೆತ್ತಗಾದ ಮಣ್ಣನ್ನು ಹಲ್ಲುಕಡ್ಡಿಯ ತುದಿಯಿಂದ ಸರಿಸಿದೆ. ಹಸಿರು ಕಿಲುಬು ಗಟ್ಟಿಯಾಗಿ ಅಂಟಿದ್ದ ಕಡೆ ಮುಟ್ಟದೆ ಬಿಟ್ಟೆ.

ಆಮೇಲೆ ತೂಕ. ಆಭರಣ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. 10.6 ಗ್ರಾಂ ಬಂತು. ಸವೆತದಿಂದ ತೂಕ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಆದ್ದರಿಂದ ಅಚ್ಚಾದ ದಿನ ಈ ನಾಣ್ಯ 10.6 ಗ್ರಾಂಗಿಂತ ಹೆಚ್ಚೇ ಇತ್ತು. ಟಿಪ್ಪುವಿನ ಒಂದು ಪೈಸೆ ಸುಮಾರು 11 ಗ್ರಾಂ ದಾಟುತ್ತದೆ, ಎರಡು ಪೈಸೆ ಅದರ ಇಮ್ಮಡಿ, ಅರ್ಧ ಪೈಸೆ ಅದರ ಅರ್ಧ. ಮುಮ್ಮಡಿಯವರ ಇಪ್ಪತ್ತು ಕಾಸಿನ ನಾಣ್ಯ ಸಾಮಾನ್ಯವಾಗಿ ಇದಕ್ಕಿಂತ ಹಗುರ. ಒಡೆಯರ ಹಳೆಯ ಆನೆ ಕಾಸು ಇನ್ನೂ ಚಿಕ್ಕದು. ಒಂದು ಅಕ್ಷರವನ್ನೂ ಓದುವ ಮೊದಲೇ, ಇದು ಹೈದರ್ ಅಥವಾ ಟಿಪ್ಪುವಿನ ಪೈಸೆ ಇರಬಹುದು ಎಂಬಲ್ಲಿಗೆ ತಕ್ಕಡಿ ತಂದು ನಿಲ್ಲಿಸಿತು. ಆದರೆ ತೂಕ ಒಂದೇ ತೀರ್ಪು ಕೊಡಲಾರದು. ಕೈಯಿಂದ ಬಡಿದು ಮಾಡಿದ ತಾಮ್ರದ ಬಿಲ್ಲೆಗಳ ತೂಕ ಒಂದರಂತೆ ಒಂದು ಇರುವುದಿಲ್ಲ.

ಹಿಂಬದಿಯನ್ನು ಓದಲು ಬೇಕಾದದ್ದು ಓರೆ ಬೆಳಕು. ಮೇಲಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಸವೆದ ನಾಣ್ಯ ಏನನ್ನೂ ತೋರಿಸುವುದಿಲ್ಲ, ಏಕೆಂದರೆ ನೆರಳು ಬೀಳುವುದಿಲ್ಲ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ನಾಣ್ಯದ ಅಂಚನ್ನು ಸವರಿಕೊಂಡು ಹೋಗುವಂತೆ ಹಿಡಿದೆ. ಕೂದಲೆಳೆಯಷ್ಟು ಎತ್ತರದ ಗೆರೆಗೂ ಆಗ ಉದ್ದನೆಯ ನೆರಳು ಬರುತ್ತದೆ. ಬೆಳಕಿಗೆ ಸಮಾನಾಂತರವಾಗಿರುವ ಗೆರೆ ಮಾತ್ರ ಅಡಗಿಕೊಳ್ಳುತ್ತದೆ. ಅದಕ್ಕಾಗಿ ನಾಣ್ಯವನ್ನು ಕದಲಿಸದೆ, ಟಾರ್ಚನ್ನು ಸುತ್ತಲೂ ಸರಿಸುತ್ತ ಪ್ರತಿ ದಿಕ್ಕಿನಿಂದಲೂ ಮೊಬೈಲ್‌ನಲ್ಲಿ ಚಿತ್ರ ತೆಗೆದೆ. ಮೊಬೈಲ್ ಅಲುಗದಂತೆ ಪುಸ್ತಕಗಳ ಮೇಲೆ ಊರಿಟ್ಟಿದ್ದೆ. ಆ ಚಿತ್ರಗಳನ್ನು ಕಪ್ಪು ಬಿಳುಪಿಗೆ ತಿರುಗಿಸಿ, ಒಂದರಲ್ಲಿ ಕಂಡ ಗೆರೆಯನ್ನು ಇನ್ನೊಂದರಲ್ಲಿ ಕಂಡದ್ದರ ಜೊತೆ ಸೇರಿಸಿ ಪಾರದರ್ಶಕ ಹಾಳೆಯ ಮೇಲೆ ಬರೆದುಕೊಂಡೆ. ಎರಡು ದಿಕ್ಕಿನ ಬೆಳಕಿನಲ್ಲಾದರೂ ಕಾಣದ ಗೆರೆಯನ್ನು ಹಾಳೆಗೆ ಸೇರಿಸಬಾರದೆಂಬುದು ನನ್ನ ನಿಯಮ. ಗೀರುಗಳು ಅಕ್ಷರದ ವೇಷದಲ್ಲಿ ಬರುತ್ತವೆ. ಗೀರು ಮೇಲ್ಮೈಯಿಂದ ಕೆಳಕ್ಕೆ ಇಳಿದಿರುತ್ತದೆ, ಅಚ್ಚಿನ ಗೆರೆ ಮೇಲಕ್ಕೆ ಎದ್ದಿರುತ್ತದೆ. ನೆರಳು ಯಾವ ಬದಿಗೆ ಬಿದ್ದಿದೆ ಎಂದು ನೋಡಿದರೆ ಎರಡೂ ಬೇರೆಯಾಗುತ್ತವೆ.

ಹಾಳೆಯ ಮೇಲೆ ಕೊನೆಗೆ ಉಳಿದ ಗೆರೆಗಳಲ್ಲಿ ಒಂದರ ಮೇಲೊಂದು ಹಾಯುವ ಚೌಕುಳಿ ಇರಲಿಲ್ಲ. ಒಡೆಯರ ಹಳೆಯ ಕಾಸಾಗಿದ್ದರೆ ಹಿಂಬದಿಯಲ್ಲಿ ಅಡ್ಡ ಉದ್ದ ಗೆರೆಗಳ ಜಾಲರಿ ಇರಬೇಕಿತ್ತು. ಕನ್ನಡದ ದುಂಡು ತಿರುವುಗಳೂ ಇರಲಿಲ್ಲ. ಮಯಿಲಿ ಕಾಸಿನಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಅಕ್ಷರಗಳೂ ಬರುತ್ತವೆ, ಆನೆಯ ಮೇಲೆ ‘ಶ್ರೀ’ ಮತ್ತು ಸೂರ್ಯ ಚಂದ್ರರೂ ಇರುತ್ತಾರೆ. ಇಲ್ಲಿ ಕಂಡದ್ದು ಪಾರಸಿ ಬರಹ. ಎಡಕ್ಕೆ ಚಾಚಿಕೊಂಡ ಉದ್ದನೆಯ ಅಡ್ಡಗೆರೆಯೊಂದು ‘ಜರ್ಬ್’ ಪದದ ಕೊನೆಯ ಅಕ್ಷರ. ಅಚ್ಚು ಹಾಕಿದ್ದು ಎಂಬ ಅರ್ಥದ ಈ ಪದದ ಜೊತೆಯಲ್ಲೇ ಟಂಕಸಾಲೆಯ ಹೆಸರು ಬರುತ್ತದೆ. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದುದರಿಂದ ಬರಹದ ಅಂಚು ಎಷ್ಟೋ ನಾಣ್ಯಗಳಲ್ಲಿ ಹೊರಗೇ ಉಳಿದುಹೋಗುತ್ತದೆ. ಅದು ಸವೆತವಲ್ಲ, ಹುಟ್ಟಿನಿಂದಲೇ ಇಲ್ಲದ್ದು.

ಟಂಕಸಾಲೆಯ ಹೆಸರಿನಲ್ಲಿ ಉಳಿದಿದ್ದ ಗಟ್ಟಿ ಕುರುಹು ಮೇಲಿನಿಂದ ಓರೆಯಾಗಿ ಇಳಿಯುವ ಗೆರೆ. ಅದು ಪಾರಸಿಯ ‘ಗಾಫ್’ ಅಕ್ಷರದ ಮೇಲಿನ ಓರೆಗೆರೆಗೆ ಹೊಂದುತ್ತದೆ. ಈ ನಾಣ್ಯಗಳಲ್ಲಿ ‘ಪಟ್ಟಣ’ ಎಂದು ಬಂದರೆ ಅದು ಶ್ರೀರಂಗಪಟ್ಟಣ, ಅದರ ಬರಹದಲ್ಲಿ ಇಂಥ ಓರೆಗೆರೆ ಇಲ್ಲ. ‘ನಗರ’ದಲ್ಲಿ ಇದೆ. ಇದು ಇಂದಿನ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಕೆಳದಿಯವರ ಬಿದನೂರು. 1763ರಲ್ಲಿ ಹೈದರ್ ಗೆದ್ದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಚೆನ್ನಾಗಿ ಉಳಿದ ನಗರದ ಪೈಸೆಯ ಚಿತ್ರದ ಮೇಲೆ, ಅಳತೆ ಸರಿಹೊಂದಿಸಿ, ನನ್ನ ಹಾಳೆಯನ್ನು ಇಟ್ಟು ನೋಡಿದಾಗ ಉಳಿದ ಎರಡು ತುಣುಕುಗಳೂ ತಮ್ಮ ಜಾಗದಲ್ಲೇ ಬಂದು ಕೂತವು.

ಇನ್ನು ವರ್ಷ. ಇದರಷ್ಟು ಸ್ವಾರಸ್ಯದ ಕೆಲಸ ಬೇರೆ ಇಲ್ಲ. ಟಿಪ್ಪು ಆಳಿದ್ದು 1782ರ ಕೊನೆಯಿಂದ 1799ರ ಮೇ 4ರವರೆಗೆ. ಮೊದಲ ವರ್ಷಗಳ ನಾಣ್ಯಗಳಲ್ಲಿ ಇಸ್ಲಾಮೀ ಪಂಚಾಂಗದ ಹಿಜರಿ ವರ್ಷವಿದೆ, 1197ರಿಂದ ಮುಂದಕ್ಕೆ. 1787ರ ಹೊತ್ತಿಗೆ ಅವನು ಮೌಲೂದಿ ಶಕೆಯನ್ನು ಜಾರಿಗೆ ತಂದ. ಇದು ಪ್ರವಾದಿಯವರ ಜನನದಿಂದ ಎಣಿಸಿದ ಶಕೆ, ನಾಣ್ಯದ ಮೇಲೆ 1215ರಿಂದ ಶುರುವಾಗುತ್ತದೆ. ಸ್ಥೂಲವಾಗಿ 572 ಕೂಡಿದರೆ ಕ್ರಿಸ್ತಶಕ ಬರುತ್ತದೆ. ಹಿಜರಿ ಅಂಕಿಗಳನ್ನು ಎಡದಿಂದ ಬಲಕ್ಕೆ ಬರೆದರೆ, ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದರು. ಗೊತ್ತಿಲ್ಲದವರು 1215ನ್ನು 5121 ಎಂದು ಓದುತ್ತಾರೆ.

ಸವೆದ ನಾಣ್ಯಕ್ಕೆ ಈ ತಿರುಗುಮುರುಗೇ ದೊಡ್ಡ ವರ. ನನ್ನ ನಾಣ್ಯದಲ್ಲಿ ಆನೆಯ ಬೆನ್ನಿನ ಮೇಲೆ, ಬಲತುದಿಯಲ್ಲಿ ಒಂದು ನೆಟ್ಟನೆಯ ಗೀಟು, ಅದರ ಎಡಕ್ಕೆ ತಲೆಯ ಬಳಿ ಕೊಕ್ಕೆಯಿರುವ ಗೀಟು, ಅಂದರೆ ಬಲತುದಿಯಲ್ಲಿ ‘21’. ಹಿಜರಿಯಾಗಿದ್ದರೆ ಇದೇ ವರ್ಷದ ಕೊನೆಯ ಎರಡು ಅಂಕಿಗಳಾಗಬೇಕು. ಟಿಪ್ಪು ಬಳಸಿದ ಹಿಜರಿ ವರ್ಷಗಳು 97, 98, 99, 00, 01 ಎಂದು ಮುಗಿಯುತ್ತವೆ. ಹಿಜರಿ 1221 ಬರುವ ಹೊತ್ತಿಗೆ ಅವನೇ ಇರಲಿಲ್ಲ. ಹಾಗಾಗಿ ಇದು ಬಲದಿಂದ ಓದಬೇಕಾದ 12, ಅಂದರೆ ಮೌಲೂದಿ. ಈ ಶಕೆ ಟಿಪ್ಪುವಿನದೇ ಆದ್ದರಿಂದ ಹೈದರ್ ಹೊರಟುಹೋದ, ಕಾಲ 1787ರಿಂದ 1799ಕ್ಕೆ ಇಳಿಯಿತು.

ಮೂರನೆಯ ಅಂಕಿ ಒಂದೋ, ಎರಡೋ? 121 ಅಥವಾ 122, ಇವೆರಡೇ ಸಾಧ್ಯ. ಪಾರಸಿ ಅಂಕಿಗಳಲ್ಲಿ ಒಂದು ಬರಿಯ ಗೀಟು, ಎರಡು ಅದೇ ಗೀಟಿಗೆ ಒಂದು ಕೊಕ್ಕೆ. ಕೊಕ್ಕೆ ಸವೆದರೆ ಎರಡು ಒಂದಾಗಿ ಕಾಣುತ್ತದೆ, ಆದರೆ ಒಂದು ಎಷ್ಟು ಸವೆದರೂ ಎರಡಾಗುವುದಿಲ್ಲ. ಅದಕ್ಕೇ ಇಂಥ ಅಂಕಿಯಲ್ಲಿ ಕೊಕ್ಕೆ ಕಂಡರೆ ನಂಬಬಹುದು, ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಎಡದಿಂದ ಬಿದ್ದ ಬೆಳಕಿನಲ್ಲೂ ಕೆಳಗಿನಿಂದ ಬಿದ್ದ ಬೆಳಕಿನಲ್ಲೂ ಕೊಕ್ಕೆಯ ಬುಡ ಸ್ಪಷ್ಟವಾಗಿ ಎದ್ದು ನಿಂತಿತು. 122 ಎಂದು ಬರೆದುಕೊಂಡೆ. ನಾಲ್ಕನೆಯ ಅಂಕಿಯ ಜಾಗ ಪೂರ್ತಿ ಚಪ್ಪಟೆ.

ಇತಿಹಾಸವನ್ನೂ ಒಮ್ಮೆ ತಾಳೆ ನೋಡಿದೆ. 1220 ಎಂದರೆ 1792. ಆ ವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಟಿಪ್ಪುವಿನ ಕೈತಪ್ಪಿತು, ಕಲ್ಲಿಕೋಟೆಯೂ ಅದರೊಡನೆ ಹೋಯಿತು. ಟಂಕಸಾಲೆಯ ಹೆಸರು ಕಲ್ಲಿಕೋಟೆ ಎಂದು ಬಂದಿದ್ದರೆ ಈ ಅಂಕಿಯ ಓದನ್ನು ನಾನು ಕೈಬಿಡಬೇಕಾಗುತ್ತಿತ್ತು. ನಗರ ಅವನ ಬಳಿಯೇ ಉಳಿದಿತ್ತು.

ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರಿಟ್ಟಿದ್ದ. ಪೈಸೆಗೆ ಜೋಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ಆ ಹೆಸರನ್ನು ಈ ನಾಣ್ಯದಲ್ಲಿ ಹುಡುಕಿದೆ, ಒಂದು ಗೆರೆಯೂ ಸಿಗಲಿಲ್ಲ. ಆದ್ದರಿಂದ ಲಕೋಟೆಯ ಮೇಲೆ ಅದನ್ನು ಬರೆಯಲಿಲ್ಲ. ಬರೆದದ್ದು ಇಷ್ಟು: ‘ಮೈಸೂರು, ಟಿಪ್ಪು ಸುಲ್ತಾನ್, ತಾಮ್ರ, ಒಂದು ಪೈಸೆ (ತೂಕದಿಂದ), 10.6 ಗ್ರಾಂ. ಟಂಕಸಾಲೆ ನಗರ (ಗಾಫ್‌ನ ಓರೆಗೆರೆ ಮತ್ತು ಹೋಲಿಕೆಯಿಂದ). ಮೌಲೂದಿ 122–, ಅಂದರೆ 1792ರಿಂದ 1799. ಕೊನೆಯ ಅಂಕಿ ಇಲ್ಲ.’ ಯಾವುದು ಯಾವುದರಿಂದ ತಿಳಿಯಿತು ಎಂಬುದನ್ನು ಆವರಣದಲ್ಲಿ ಬರೆದಿಟ್ಟಿದ್ದೇನೆ. ಇದೇ ಅಚ್ಚಿನಲ್ಲಿ ಬಡಿದ, ಇಷ್ಟು ಸವೆಯದ ಇನ್ನೊಂದು ನಾಣ್ಯ ಯಾರ ಬಳಿಯಾದರೂ ಸಿಕ್ಕಿದರೆ, ಓರೆ ಬೆಳಕಿನ ಚಿತ್ರಗಳನ್ನು ಅದರ ಪಕ್ಕದಲ್ಲಿಟ್ಟು ಆ ಕೊನೆಯ ಅಂಕಿಯನ್ನೂ ತುಂಬಬಹುದು.