ಜೈಂಟ್ ರೋಡ್ ಬೈಕ್: ಹೆಸರು ಬಿಡಿಸಿ ಓದಿ, ಸೈಕಲ್ ಆರಿಸುವುದು ಹೇಗೆ?

ಟಿಸಿಆರ್ ಅಡ್ವಾನ್ಸ್ಡ್ ಪ್ರೋ 1, ಡಿಫೈ ಅಡ್ವಾನ್ಸ್ಡ್ 2, ಕಂಟೆಂಡ್ ಎಆರ್ 3. ಜೈಂಟ್ ಕಂಪನಿಯ ಪಟ್ಟಿ ನೋಡಿದರೆ ಇಂಥ ಹೆಸರುಗಳದ್ದೇ ಸಾಲು. 1972ರಲ್ಲಿ ತೈವಾನ್‌ನಲ್ಲಿ ಶುರುವಾದ ಈ ಕಂಪನಿ ಇವತ್ತು ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕರಲ್ಲಿ ಒಂದು. ಮಾದರಿ ಜಾಸ್ತಿ, ಗೊಂದಲವೂ ಜಾಸ್ತಿ. ಆದರೆ ಹೆಸರಿನಲ್ಲೇ ಬೇಕಾದಷ್ಟು ಮಾಹಿತಿ ಇರುತ್ತದೆ. ಎಡದಿಂದ ಬಲಕ್ಕೆ ಓದುತ್ತಾ ಹೋಗೋಣ.

ಮೊದಲ ಪದ: ಯಾವ ಸವಾರಿಗೆ?

ಎಲ್ಲಕ್ಕಿಂತ ಮುಖ್ಯ ಇದೇ. ಟಿಸಿಆರ್ ರೇಸಿನ ಸೈಕಲ್. ಹಗುರ, ಏರು ಹತ್ತಲು ಚುರುಕು. 1990ರ ದಶಕದಲ್ಲಿ ಬ್ರಿಟಿಷ್ ವಿನ್ಯಾಸಕಾರ ಮೈಕ್ ಬರೋಸ್ ಇದರ ಮೇಲಿನ ಕೊಳವೆಯನ್ನು ಸೀಟಿನ ಕಡೆಗೆ ಇಳಿಜಾರಾಗಿಸಿದರು. ಆಗೆಲ್ಲ ರೇಸ್ ಸೈಕಲ್ಲಿಗೆ ಆ ಕೊಳವೆ ನೆಲಕ್ಕೆ ಸಮಾನಾಂತರವಾಗಿ ಇರುವುದೇ ರೂಢಿ. ಇಳಿಜಾರಾಗಿಸಿದ್ದರಿಂದ ಫ್ರೇಮ್ ಚಿಕ್ಕದಾಯಿತು, ತೂಕ ಇಳಿಯಿತು, ಗಟ್ಟಿತನ ಹೆಚ್ಚಿತು. ಇವತ್ತು ಹೆಚ್ಚಿನ ರೋಡ್ ಬೈಕ್‌ಗಳು ಅದೇ ದಾರಿ ಹಿಡಿದಿವೆ.

ಪ್ರೊಪೆಲ್ ಗಾಳಿ ಸೀಳಿಕೊಂಡು ಹೋಗಲು ಮಾಡಿದ್ದು. ಸಮತಟ್ಟು ರಸ್ತೆಯಲ್ಲಿ ವೇಗವೇ ಬೇಕು ಅನ್ನುವವರಿಗೆ. ಡಿಫೈ ದೂರದ ಸವಾರಿಗೆ. ಹ್ಯಾಂಡಲ್ ಸ್ವಲ್ಪ ಎತ್ತರ, ಬೆನ್ನು ಅಷ್ಟು ಬಾಗಬೇಕಿಲ್ಲ, ಅಗಲ ಟೈರಿಗೂ ಜಾಗ ಇದೆ. ಕಂಟೆಂಡ್ ಇದರದ್ದೇ ಸ್ವಭಾವದ ಅಲ್ಯೂಮಿನಿಯಂ ಸೈಕಲ್. ಅದರ ಜೊತೆ ಬರುವ ಎಆರ್ ಅಂದರೆ ಆಲ್-ರೋಡ್, ಎಲ್ಲ ಬಗೆಯ ರಸ್ತೆಗೂ ಅಂತ. ಪ್ರೋ ಸವಾರರನ್ನು ನೋಡಿ ಟಿಸಿಆರ್ ಮೇಲೆ ಆಸೆ ಹುಟ್ಟುವುದು ಸಹಜ, ಅಲ್ವಾ? ಆದರೆ ಮೊದಲ ರೋಡ್ ಬೈಕ್ ಕೊಳ್ಳುವವರಿಗೆ ನಾನು ಹೇಳುವುದು ಡಿಫೈ ಅಥವಾ ಕಂಟೆಂಡ್. ಬೆನ್ನು ನೋಯುವ ಸೈಕಲ್ ಎಷ್ಟು ಹಗುರವಾಗಿದ್ದರೂ ಮೂಲೆ ಸೇರುತ್ತದೆ.

ನಡುವಿನ ಪದ: ಫ್ರೇಮ್ ಯಾವುದರದು?

ಅಡ್ವಾನ್ಸ್ಡ್ ಅಂದರೆ ಕಾರ್ಬನ್ ಫೈಬರ್. ಅದು ಇಲ್ಲದಿದ್ದರೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಜೈಂಟ್ ಅದನ್ನು ಆಲಕ್ಸ್ ಅನ್ನುತ್ತದೆ. ಅಡ್ವಾನ್ಸ್ಡ್‌ನ ಮೇಲೆ ಅಡ್ವಾನ್ಸ್ಡ್ ಪ್ರೋ, ಅದರ ಮೇಲೆ ಅಡ್ವಾನ್ಸ್ಡ್ ಎಸ್‌ಎಲ್. ಎಸ್‌ಎಲ್‌ನಲ್ಲಿ ಕಾರ್ಬನ್ನೇ ಮೇಲ್ದರ್ಜೆಯದು, ತೂಕವೂ ಕಡಿಮೆ.

ಕೊನೆಯ ಅಂಕಿ: ಗೇರ್ ಯಾವುದು?

ಇದು ಪರೀಕ್ಷೆಯ ಅಂಕಕ್ಕೆ ಉಲ್ಟಾ. ಒಂದೇ ಫ್ರೇಮಿನಲ್ಲಿ ಅಂಕಿ ಸೊನ್ನೆಯ ಕಡೆ ಹೋದಷ್ಟೂ ಬಿಡಿಭಾಗ ದುಬಾರಿ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿಯ ಗೇರುಗಳ ಏಣಿ ಕೆಳಗಿನಿಂದ ಮೇಲಕ್ಕೆ ಹೀಗೆ: ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯುರಾ-ಏಸ್. ಈಗಿನ 105 ಸೇರಿದಂತೆ ಮೇಲಿನ ಮೂರರಲ್ಲೂ ಹಿಂದಿನ ಚಕ್ರಕ್ಕೆ 12 ಗೇರ್. 105ರಿಂದ ಮೇಲೆ ಹೋದಂತೆ ಸಿಗುವುದು ಮುಖ್ಯವಾಗಿ ತೂಕದ ಉಳಿತಾಯ. ರೇಸ್ ಓಡದವರಿಗೆ 105 ಧಾರಾಳ ಸಾಕು. ಡಿಐ2 ಅಂತ ಇದ್ದರೆ ಗೇರ್ ಬದಲಾಗುವುದು ಮೋಟಾರಿನಿಂದ. ಬ್ಯಾಟರಿ ಚಾರ್ಜ್ ಮಾಡುವ ಕೆಲಸವೂ ಜೊತೆಗೆ ಬರುತ್ತದೆ.

ಈಗ ಅಳತೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಮೇಲಕ್ಕೆ ಒತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ಸರಿಯಾಗಿ ತಾಗಿರಲಿ, ಓರೆಯಾದರೆ ಲೆಕ್ಕ ತಪ್ಪುತ್ತದೆ. ಪುಸ್ತಕದ ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಉತ್ತರ ಸುಮಾರು 70.6 ಸೆಂ.ಮೀ. ಪೆಡಲ್ ತೋಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಇದು. ಶುರು ಮಾಡಲು ಇಷ್ಟು ಸಾಕು. ಆಮೇಲೆ ಮಂಡಿ ಏನು ಹೇಳುತ್ತದೋ ನೋಡಿ ಮಿಲಿಮೀಟರ್ ಲೆಕ್ಕದಲ್ಲಿ ಸರಿಮಾಡಿಕೊಳ್ಳಿ.

ಫ್ರೇಮ್ ಆರಿಸುವಾಗ ಎಸ್, ಎಂ, ಎಲ್ ಅಕ್ಷರ ಮಾತ್ರ ನಂಬಬೇಡಿ. ಅಳತೆ ಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಎಂಬ ಎರಡು ಸಾಲು ಇರುತ್ತವೆ. ಅದೇ ಅಚ್ಚಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಎತ್ತರ, ಎಷ್ಟು ಮುಂದೆ ಅಂತ ಅವು ಹೇಳುತ್ತವೆ. ಟಿಸಿಆರ್ ಎಂ ಮತ್ತು ಡಿಫೈ ಎಂ ಪಕ್ಕಪಕ್ಕ ಇಟ್ಟು ನೋಡಿ, ಡಿಫೈ ಸ್ಟ್ಯಾಕ್ ಜಾಸ್ತಿ ಇರುತ್ತದೆ.

ಟೈರ್ ಬದಲಿಸುವ ಮುಂಚೆ

ಜೈಂಟ್‌ನ ಹಲವು ಕಾರ್ಬನ್ ವೀಲ್‌ಗಳು ಹುಕ್‌ಲೆಸ್. ಅಂದರೆ ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ ರಿಮ್‌ನಲ್ಲಿ ಇರುವುದಿಲ್ಲ. ಇದಕ್ಕೆ ಟ್ಯೂಬ್‌ಲೆಸ್ ಟೈರೇ ಬೇಕು, ಅದೂ ಕಂಪನಿ ಪರೀಕ್ಷಿಸಿ ಒಪ್ಪಿದ ಪಟ್ಟಿಯಲ್ಲಿ ಇರುವುದು. ಗಾಳಿ 72.5 ಪಿಎಸ್‌ಐ ದಾಟಬಾರದು. ರಿಮ್ ಅಥವಾ ಟೈರ್ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ಗಾಳಿ ಕಲ್ಲಿನ ಹಾಗೆ ಇರಬೇಕು ಅನ್ನುವ ಹಳೇ ಅಭ್ಯಾಸ ಇಲ್ಲಿ ಅಪಾಯ. ಟೈರ್ ರಿಮ್‌ನಿಂದ ಹಾರಿಬಿಡಬಹುದು.

ಸೆಕೆಂಡ್ ಹ್ಯಾಂಡ್ ಆದರೆ

ಟಿಸಿಆರ್ ಅಡ್ವಾನ್ಸ್ಡ್ ಎಸ್‌ಎಲ್ ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಹಿಗ್ಗುವ ಮುಂಚೆ ಸೀಟಿನ ಕಂಬ ನೋಡಿ. ಅದು ಬೇರೆ ತುಂಡಲ್ಲ, ಫ್ರೇಮಿನದೇ ಭಾಗ. ಮೊದಲ ಮಾಲೀಕರ ಕಾಲಿನ ಅಳತೆಗೆ ಕತ್ತರಿಸಿರುತ್ತಾರೆ. ಮೇಲಿನ ಟೋಪಿಯಲ್ಲಿ ಅಷ್ಟಿಷ್ಟು ಏರಿಸಬಹುದು, ಅಷ್ಟೇ. ಕಂಬ ಉದ್ದವಿದ್ದರೆ ಇನ್ನೂ ಕತ್ತರಿಸಿಕೊಳ್ಳಬಹುದು, ಗಿಡ್ಡವಿದ್ದರೆ ಏನೂ ಮಾಡಲಾಗದು. ಹೋಗುವಾಗ ಟೇಪು ಮತ್ತು ನಿಮ್ಮ 0.883ರ ಲೆಕ್ಕ ಎರಡೂ ಜೊತೆಗಿರಲಿ.